ಮಹಡಿಗಳ ನಡುವಿನ ಅಂಗಳ

ಮನೆಯೆಂದರೆ ನಮ್ಮ ಹಿರಿಯರಿಗೆ ಗೋಡೆ, ಮಾಡು, ಬಾಗಿಲುಗಳಿಗೆ ಮುಗಿಯುವ ವಸ್ತುವಾಗಿರಲಿಲ್ಲ. ಬಾಗಿಲಿನ ಹೊರಗಿನ ಜಗಲಿ, ಜಗಲಿಯ ಮುಂದಿನ ಅಂಗಳ, ಅಂಗಳದಾಚೆಯ ಓಣಿ, ಓಣಿಯ ತುದಿಯ ಅರಳಿಕಟ್ಟೆ, ಹಿಂಬದಿಯ ಹಿತ್ತಿಲು ಇವೆಲ್ಲವೂ ಸೇರಿ ಮನೆಯಾಗುತ್ತಿತ್ತು. ಜಗಲಿಯ ಮೇಲೆ ಕುಳಿತ ಅಜ್ಜನಿಗೆ ಹೋಗುವವರು ಬರುವವರೆಲ್ಲರೂ ನೆಂಟರು. ಅಂಗಳದಲ್ಲಿ ಆಡುವ ಮಗುವಿಗೆ ಓಣಿಯ ಎಲ್ಲ ತಾಯಂದಿರೂ ಕಾವಲು. ಹಪ್ಪಳ ಸಂಡಿಗೆಗಳು ಒಣಗಿದುದೂ, ಸುಖದುಃಖಗಳನ್ನು ಹಂಚಿಕೊಂಡುದೂ, ಮಕ್ಕಳ ಮದುವೆಯ ಮಾತು ಕುದುರಿದುದೂ ಬಹುಪಾಲು ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಈ ನಡುವಿನ ತಾಣದಲ್ಲಿಯೇ.

ಇಂದು ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ನೆಲೆಸಿವೆ. ಮಗ ಸೊಸೆಯರು ಬೆಳಗ್ಗೆ ಕೆಲಸಕ್ಕೆ ಹೊರಡುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಊರಿನ ಹೊಲಮನೆಗಳನ್ನು ಬಿಟ್ಟು ಬಂದ ತಾಯಿತಂದೆಯರು ಹನ್ನೆರಡನೆಯ ಮಹಡಿಯ ಕಿಟಕಿಯ ಬಳಿ ಕುಳಿತು ಹಗಲು ಕಳೆಯುತ್ತಾರೆ. ಇಂತಹ ಒಂದು ಸಮುಚ್ಚಯದಲ್ಲಿ ಕಂಡ ದೃಶ್ಯವು ಮನಸ್ಸನ್ನು ಬಿಟ್ಟು ಹೋಗಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ವೃದ್ಧೆಯೊಬ್ಬರು ಲಿಫ್ಟಿನಲ್ಲಿ ಕೆಳಗಿಳಿದು ಬಂದರು. ಒಂದು ಕಡೆ ಸಾಲುಗಟ್ಟಿದ ಕಾರುಗಳು. ಇನ್ನೊಂದು ಕಡೆ ಹಸಿರು ಹಾಸಿದಂತಿದ್ದ ಹುಲ್ಲು, ಅದರ ಅಂಚಿನಲ್ಲಿ ಕಾಲಿಡಬಾರದೆಂಬ ಫಲಕ. ನಡುವೆ ಬಿಸಿಲಿಗೆ ಕಾದ ಕಾಂಕ್ರೀಟ್ ಇಟ್ಟಿಗೆಗಳ ಹಾದಿ. ಎರಡು ಸುತ್ತು ಬಂದ ಆ ತಾಯಿಗೆ ಕೂರಲು ಎಲ್ಲಿಯೂ ಎಡೆ ಕಾಣಲಿಲ್ಲ. ಕೊನೆಗೆ ಗೇಟಿನ ಕಾವಲುಗಾರನು ತನ್ನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು, "ಕೂಡ್ರಿ ಅಮ್ಮಾರೇ" ಎಂದನು. ಅವರು ಕುಳಿತರು. ಎದ್ದು ನಿಂತ ಕಾವಲುಗಾರನಿಗೂ ಅಲ್ಲಿ ಕೂರಲು ಬೇರೆ ಎಡೆಯಿರಲಿಲ್ಲ.

ಕೋಟಿಗಟ್ಟಲೆ ರೂಪಾಯಿ ಸುರಿದು ಕಟ್ಟಿದ ನಿವಾಸದಲ್ಲಿ ಒಬ್ಬ ವೃದ್ಧೆಗೆ ಕೂರಲು ಒಂದು ಕಟ್ಟೆ ಇಲ್ಲದೆ ಹೋದುದು ಹೇಗೆ? ಇದು ಯಾರೋ ಒಬ್ಬರ ಮರೆವಿನಿಂದ ಆದುದಲ್ಲ. ಇದರ ಹಿಂದೆ ನೂರು ವರ್ಷಗಳ ಒಂದು ಚಿಂತನೆಯ ಇತಿಹಾಸವಿದೆ. ಈ ಸಂಚಿಕೆಯಲ್ಲಿ ಅದನ್ನು ಸ್ವಲ್ಪ ವಿಚಾರಿಸೋಣ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ದೊಡ್ಡ ನಗರಗಳ ಬಡವರು ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಗಲ್ಲಿಗಳಲ್ಲಿ ಕ್ಷಯರೋಗಕ್ಕೆ ತುತ್ತಾಗಿ ನರಳುತ್ತಿದ್ದರು. ಅದನ್ನು ಕಂಡ ವಾಸ್ತುಶಿಲ್ಪಿಗಳು ಒಂದು ಪರಿಹಾರವನ್ನು ಸೂಚಿಸಿದರು. ಮನೆಗಳನ್ನು ಒಂದರ ಮೇಲೊಂದಾಗಿ ಎತ್ತರಕ್ಕೆ ಕಟ್ಟಿದರೆ ನೆಲವು ಉಳಿಯುತ್ತದೆ. ಉಳಿದ ನೆಲವನ್ನು ಉದ್ಯಾನ ಮಾಡಬಹುದು. ಪ್ರತಿಯೊಂದು ಮನೆಗೂ ಬಿಸಿಲು, ಗಾಳಿ, ಹಸಿರು ದೊರೆಯುತ್ತದೆ. ಚಂಡೀಗಢ ನಗರದ ಯೋಜನೆಯಿಂದ ನಮ್ಮ ದೇಶದವರಿಗೂ ಪರಿಚಿತರಾದ ಲ ಕಾರ್ಬ್ಯೂಸಿಯೇ ಈ ವಾದದ ಮುಖ್ಯ ಪ್ರತಿಪಾದಕರು. ಉದ್ದೇಶವು ಉದಾತ್ತವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಉಳಿದ ನೆಲದಲ್ಲಿ ಜನರು ಏನು ಮಾಡುವರು, ಯಾರು ಅದನ್ನು ತಮ್ಮದೆಂದು ಕಾಣುವರು ಎಂಬ ಪ್ರಶ್ನೆಗೆ ಉತ್ತರವು ಆ ನಕ್ಷೆಗಳಲ್ಲಿ ಇರಲಿಲ್ಲ.

ಉತ್ತರವಿಲ್ಲದ ಆ ಪ್ರಶ್ನೆಯು ಅನೇಕ ಕಡೆ ದುಬಾರಿಯಾಗಿ ಪರಿಣಮಿಸಿತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ನಡುವೆ ಪ್ರೂಯಿಟ್ ಐಗೋ ಎಂಬ ಸರಕಾರಿ ವಸತಿ ಸಮುಚ್ಚಯವು ತಲೆಯೆತ್ತಿತು. ಹನ್ನೊಂದು ಮಹಡಿಗಳ 33 ಕಟ್ಟಡಗಳು, ಸುಮಾರು 2,870 ಮನೆಗಳು. ಹಣದ ಉಳಿತಾಯಕ್ಕಾಗಿ ಕಟ್ಟಡಗಳ ನಡುವಿನ ನೆಲದ ಸೌಕರ್ಯಗಳನ್ನೇ ಮೊದಲು ಕತ್ತರಿಸಲಾಯಿತು. ಬಡತನ, ವರ್ಣಭೇದ, ನಿರ್ವಹಣೆಗೆ ಹಣದ ಅಭಾವ ಇವೂ ಕೂಡಿಕೊಂಡವು. ಮನೆಗಳು ಖಾಲಿಯಾಗತೊಡಗಿದವು, ನಡುವಿನ ಬಯಲು ಗಾಜಿನ ಚೂರು, ಕಸ, ಭಯಗಳ ತಾಣವಾಯಿತು. 1972ರಲ್ಲಿ ಆ ಕಟ್ಟಡಗಳನ್ನು ಸ್ಫೋಟಕಗಳಿಂದ ಉರುಳಿಸಲು ತೊಡಗಿದರು. ಅದೇ ವರ್ಷ ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿಯು ತಮ್ಮ ಗ್ರಂಥದಲ್ಲಿ ಒಂದು ಮಾತನ್ನು ಮುಂದಿಟ್ಟರು. ಪ್ರೂಯಿಟ್ ಐಗೋದ ಪಕ್ಕದಲ್ಲಿಯೇ ಅಂತಹುದೇ ಬಡ ಕುಟುಂಬಗಳಿದ್ದ, ಆದರೆ ತಗ್ಗಾದ ಮನೆಗಳ ಇನ್ನೊಂದು ವಸತಿಯು ತಕ್ಕಮಟ್ಟಿಗೆ ನೆಮ್ಮದಿಯಾಗಿ ಉಳಿದಿತ್ತು. ನೂರಾರು ಮನೆಗಳಿಗೆ ಸೇರಿದ ನೆಲವು ಯಾರಿಗೂ ಸೇರದಂತಾಗುತ್ತದೆ; ಕೆಲವೇ ಮನೆಗಳವರು ತಮ್ಮದೆಂದು ಗುರುತಿಸಬಲ್ಲ ನೆಲವನ್ನು ಅವರೇ ಕಾಯುತ್ತಾರೆ ಎಂಬುದು ಅವರ ವಾದದ ತಿರುಳು. ಎಲ್ಲ ದೋಷವನ್ನೂ ಕಟ್ಟಡದ ತಲೆಗೆ ಕಟ್ಟುವುದು ಸರಿಯಲ್ಲವೆಂದು ಬಳಿಕದ ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪವು ನ್ಯಾಯವಾದುದೇ. ಆದರೂ ಯಜಮಾನನಿಲ್ಲದ ಅಂಗಳವು ಹಾಳು ಬೀಳುತ್ತದೆಂಬುದನ್ನು ನಮ್ಮ ಹಳ್ಳಿಯ ಯಾವ ಗೃಹಿಣಿಯೂ ಒಪ್ಪುವಳು.

ಶ್ರೀಮಂತ ದೇಶವಾದ ಹಾಲೆಂಡಿನಲ್ಲಿಯೂ ಇದೇ ಪಾಠ. ಆಮ್‌ಸ್ಟರ್‌ಡಾಮ್ ನಗರದ ಆಗ್ನೇಯಕ್ಕೆ ಬೈಲ್ಮರ್‌ಮೀರ್ ಎಂಬಲ್ಲಿ 1960ರ ದಶಕದ ಕೊನೆಯಲ್ಲಿ ಜೇನುಹುಟ್ಟಿನ ಆಕಾರದ ಉದ್ದುದ್ದ ಕಟ್ಟಡಗಳನ್ನು ನಿರ್ಮಿಸಿದರು. ನಡುವೆ ವಿಶಾಲವಾದ ಹಸಿರು. ಕಾರುಗಳಿಗೆ ಎತ್ತರದ ಪ್ರತ್ಯೇಕ ರಸ್ತೆ. ನೆಲವೆಲ್ಲ ಕಾಲ್ನಡೆಯವರಿಗೆ ಮತ್ತು ಸೈಕಲ್ಲುಗಳಿಗೆ. ಕಾಗದದ ಮೇಲೆ ಇದಕ್ಕಿಂತ ಸುಂದರವಾದ ಯೋಜನೆಯಿಲ್ಲ. ಆದರೆ ಕಟ್ಟಡಗಳ ನೆಲಮಟ್ಟದಲ್ಲಿ ಮನೆಗಳ ಬದಲು ಸಾಮಾನು ತುಂಬುವ ಕೋಣೆಗಳನ್ನು ಇರಿಸಿದ್ದರು. ಹೀಗಾಗಿ ಹಾದಿಯಲ್ಲಿ ನಡೆಯುವವರಿಗೆ ಎದುರಾಗುತ್ತಿದ್ದುದು ಕಿಟಕಿಯಿಲ್ಲದ ಗೋಡೆ. ಸಂಜೆಯಾದರೆ ಅಲ್ಲಿ ನಡೆದಾಡಲು ಜನ ಹೆದರಿದರು. 1990ರ ದಶಕದಿಂದ ಆ ಪ್ರದೇಶದ ಪುನರ್ನಿರ್ಮಾಣ ಆರಂಭವಾಯಿತು. ಅನೇಕ ಕಟ್ಟಡಗಳನ್ನು ಕೆಡವಿದರು, ಎತ್ತರದ ರಸ್ತೆಗಳನ್ನು ನೆಲಕ್ಕಿಳಿಸಿದರು. ಕ್ಲೈಬುರ್ಗ್ ಎಂಬ ಒಂದು ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿ, ಸಾಮಾನಿನ ಕೋಣೆಗಳನ್ನು ಮೇಲಕ್ಕೆ ಸಾಗಿಸಿ, ನೆಲಮಟ್ಟದಲ್ಲಿ ವಾಸಕ್ಕೂ ಕೆಲಸಕ್ಕೂ ಎಡೆಮಾಡಿದರು. ಆ ಕಾರ್ಯಕ್ಕೆ 2017ರಲ್ಲಿ ಯೂರೋಪಿನ ಶ್ರೇಷ್ಠ ವಾಸ್ತು ಪ್ರಶಸ್ತಿಗಳಲ್ಲೊಂದಾದ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿಯು ಸಂದಿತು. ನೆಲಮಟ್ಟದ ಗೋಡೆಯಲ್ಲಿ ಕಿಟಕಿ ತೆರೆದರೆ ಅಂಗಳಕ್ಕೆ ಕಣ್ಣು ಬಂದಂತೆ ಎಂಬುದೇ ಇದರ ಸಾರ.

ಈ ವಿಷಯವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಡೆನ್ಮಾರ್ಕಿನ ಯಾನ್ ಗೆಲ್ ಅವರ ಹೆಸರು ಅಗ್ರಗಣ್ಯವಾದುದು. ವಾಸ್ತುಶಿಲ್ಪದಲ್ಲಿ ಶಿಕ್ಷಣ ಪಡೆದ ಅವರ ಪತ್ನಿ ಮನಶ್ಶಾಸ್ತ್ರಜ್ಞೆ. ವಾಸ್ತುಶಿಲ್ಪಿಗಳು ಜನರ ವಿಷಯದಲ್ಲಿ ಏಕೆ ಆಸಕ್ತಿ ತಳೆಯುವುದಿಲ್ಲವೆಂದು ಆಕೆ ಮತ್ತು ಆಕೆಯ ಸಹೋದ್ಯೋಗಿಗಳು ಕೇಳಿದ ಪ್ರಶ್ನೆಯೇ ಅವರನ್ನು ಈ ದಾರಿಗೆ ತಂದಿತು. ಕಟ್ಟಡಗಳ ನಡುವಿನ ಬದುಕನ್ನು ಕುರಿತ ಅವರ ಗ್ರಂಥವು ಡ್ಯಾನಿಷ್ ಭಾಷೆಯಲ್ಲಿ 1971ರಲ್ಲಿ ಪ್ರಕಟವಾಯಿತು. ಮನೆಯ ಹೊರಗೆ ನಡೆಯುವ ಚಟುವಟಿಕೆಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಶಾಲೆಗೆ, ಕೆಲಸಕ್ಕೆ, ಅಂಗಡಿಗೆ ಹೋಗುವುದು ಅನಿವಾರ್ಯವಾದುದು; ತಾಣವು ಹೇಗಿದ್ದರೂ ಅದು ನಡೆಯುತ್ತದೆ. ಬಿಸಿಲು ಕಾಯುವುದು, ಸುಮ್ಮನೆ ಅಡ್ಡಾಡುವುದು, ಕುಳಿತು ನೋಡುವುದು ಐಚ್ಛಿಕವಾದುದು. ತಾಣವು ಹಿತವಾಗಿದ್ದರೆ ಮಾತ್ರ ಅದು ನಡೆಯುತ್ತದೆ. ಮಾತುಕತೆ, ಆಟ, ಪರಿಚಯ ಇವು ಸಾಮಾಜಿಕವಾದುವು. ಮೊದಲೆರಡು ಬಗೆಯ ಜನರು ಒಂದೆಡೆ ಸೇರಿ ಸ್ವಲ್ಪ ಹೊತ್ತು ನಿಂತಾಗ ಇವು ತಾವಾಗಿ ಹುಟ್ಟುತ್ತವೆ. ನೆರೆಹೊರೆಯ ಪ್ರೀತಿಯನ್ನು ಯಾರೂ ಆಜ್ಞೆಯಿಂದ ಹುಟ್ಟಿಸಲಾರರು. ಆದರೆ ಅದು ಹುಟ್ಟಲು ಬೇಕಾದ ಎಡೆಯನ್ನು ಒದಗಿಸಬಹುದು.

ಅವರು ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿದರು. ಇಪ್ಪತ್ತು ಇಪ್ಪತ್ತೈದು ಮೀಟರ್ ದೂರದೊಳಗೆ ಮಾತ್ರ ನಮಗೆ ಎದುರಿನವರ ಮುಖಭಾವವು ತಿಳಿಯುತ್ತದೆ. ನೂರು ಮೀಟರಿಗೆ ಮನುಷ್ಯನು ಕೇವಲ ಆಕಾರ. ಕೆಳಗಿನ ನಾಲ್ಕೈದು ಮಹಡಿಗಳವರಿಗೆ ನೆಲದೊಂದಿಗೆ ಸಂಬಂಧವಿರುತ್ತದೆ, ಅದಕ್ಕಿಂತ ಮೇಲಿನವರಿಗೆ ಅದು ಕಡಿದು ಹೋಗುತ್ತದೆ ಎಂದೂ ಅವರು ಹೇಳಿದರು. ಮೂರನೆಯ ಮಹಡಿಯ ತಾಯಿಯು ಬಾಲ್ಕನಿಯಿಂದ ಮಗುವನ್ನು ಕೂಗಿ ಕರೆಯಬಲ್ಲಳು. ಹದಿನೈದನೆಯ ಮಹಡಿಯ ತಾಯಿಗೆ ಅದು ಸಾಧ್ಯವಿಲ್ಲ; ಆದುದರಿಂದ ಆಕೆಯು ಮಗುವನ್ನು ಕೆಳಗೆ ಬಿಡುವುದೇ ಇಲ್ಲ. ಮೇಲಿನವರ ಮಕ್ಕಳು ಆಡಬೇಕಾದರೆ ಕೆಳಗೆ ಯಾರಾದರೂ ಹಿರಿಯರು ಕುಳಿತಿರಬೇಕು. ಹಿರಿಯರು ಕುಳಿತಿರಬೇಕಾದರೆ ಕೂರಲು ನೆರಳು, ಆಸನಗಳು ಇರಬೇಕು. ವೃದ್ಧರ ಕಟ್ಟೆಯೂ ಮಕ್ಕಳ ಆಟದ ತಾಣವೂ ಅಕ್ಕಪಕ್ಕದಲ್ಲಿ ಇರಬೇಕೆಂಬುದು ಇದರಿಂದ ಸ್ಪಷ್ಟ. ನಮ್ಮ ಸಮುಚ್ಚಯಗಳಲ್ಲಿ ಹಲವೆಡೆ ಇವೆರಡನ್ನೂ ಎರಡು ಮೂಲೆಗಳಿಗೆ ಅಟ್ಟಿರುತ್ತಾರೆ.

ಎತ್ತರದ ಕಟ್ಟಡಗಳ ನಡುವೆ ಬದುಕು ಒಣಗಲೇಬೇಕೆಂದೇನೂ ಇಲ್ಲ. ಇದಕ್ಕೆ ನಿದರ್ಶನವಾಗಿ ಸಿಂಗಪುರವನ್ನು ನೋಡಬಹುದು. ಅಲ್ಲಿಯ ವಸತಿ ಅಭಿವೃದ್ಧಿ ಮಂಡಳಿಯು 1960ರಲ್ಲಿ ಸ್ಥಾಪಿತವಾಯಿತು. 1961ರಲ್ಲಿ ಬುಕಿತ್ ಹೋ ಸ್ವೀ ಎಂಬ ಗುಡಿಸಲುಗಳ ವಸತಿಗೆ ಬೆಂಕಿ ಬಿದ್ದು ಸುಮಾರು 16,000 ಜನರು ನಿರಾಶ್ರಿತರಾದಾಗ ಮಂಡಳಿಯ ಕೆಲಸಕ್ಕೆ ವೇಗ ಬಂದಿತು. ಇಂದು ಅಲ್ಲಿಯ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಜನರು ಮಂಡಳಿಯು ಕಟ್ಟಿದ ಎತ್ತರದ ಕಟ್ಟಡಗಳಲ್ಲಿಯೇ ವಾಸಿಸುತ್ತಾರೆ. ಕಾಂಪೋಂಗ್ ಎಂಬ ಹಳ್ಳಿಗಳಿಂದ ಬಂದ ಆ ಜನರಿಗೆ ಜಗಲಿಯ ಬದುಕು ತಪ್ಪಿ ಹೋಗುವುದೆಂಬ ಚಿಂತೆ ಆಡಳಿತದವರಿಗೆ ಇದ್ದಿತು. ಆದುದರಿಂದ 1970ರ ದಶಕದಿಂದ ಕಟ್ಟಡಗಳ ನೆಲಮಟ್ಟವನ್ನು ಮನೆಗಳಿಲ್ಲದೆ, ಕಂಬಗಳ ಮೇಲೆ ತೆರೆದ ಚಾವಡಿಯಾಗಿ ಬಿಡತೊಡಗಿದರು. ಅದನ್ನು ಅವರು ವಾಯ್ಡ್ ಡೆಕ್ ಎನ್ನುತ್ತಾರೆ. ಭೂಮಧ್ಯರೇಖೆಯ ಸುಡುಬಿಸಿಲಿಗೂ ಜಡಿಮಳೆಗೂ ಅದು ಆಸರೆ. ಮಲಯ ಕುಟುಂಬದ ಮದುವೆಯೂ ಚೀನೀ ಕುಟುಂಬದ ಸಾವಿನ ಜಾಗರಣೆಯೂ ಅದೇ ಚಾವಡಿಯಲ್ಲಿ ನಡೆಯುತ್ತವೆ. ಚದುರಂಗದ ಕಲ್ಲುಮೇಜು, ವೃದ್ಧರ ಮೂಲೆ, ಶಿಶುವಿಹಾರಗಳು ಅಲ್ಲಿವೆ. ಲಿಫ್ಟಿಗೆ ಹೋಗುವ ದಾರಿಯಲ್ಲಿಯೇ ಅದು ಇರುವುದರಿಂದ ಅನಿವಾರ್ಯವಾಗಿ ಹಾದು ಹೋಗುವವನು ಒಂದು ಗಳಿಗೆ ನಿಲ್ಲುತ್ತಾನೆ. ಕಟ್ಟಡದಿಂದ ಕಟ್ಟಡಕ್ಕೆ ಮೇಲ್ಛಾವಣಿಯುಳ್ಳ ಕಾಲ್ದಾರಿಗಳನ್ನೂ ಹಾಕಿದ್ದಾರೆ. 2005ರಲ್ಲಿ ಉದ್ಯಾನ ಮಂಡಳಿಯು ನಿವಾಸಿಗಳೇ ಕೈಯಾರೆ ತರಕಾರಿ, ಹೂಗಿಡಗಳನ್ನು ಬೆಳೆಯುವ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ಇಂತಹ ತೋಟಗಳು ಸಾವಿರಕ್ಕೂ ಮಿಕ್ಕಿವೆ.

ಅಲ್ಲಿಯೂ ಎಲ್ಲವೂ ಸರಿಯಾಗಿದೆ ಎಂದಲ್ಲ. ಚೆಂಡಾಟ ನಿಷೇಧಿಸಿದೆ ಎಂಬ ಫಲಕಗಳು ಅಲ್ಲಿಯ ಚಾವಡಿಗಳಲ್ಲಿಯೂ ಸಾಮಾನ್ಯ. ಆದರೂ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ಕಟ್ಟಡಗಳನ್ನೂ ಹೀಗೆಯೇ ಕಂಬಗಳ ಮೇಲೆ ಎತ್ತಿ, ನೆಲಮಟ್ಟವನ್ನು ತೆರವಾಗಿ ಬಿಡುವ ಪದ್ಧತಿಯುಂಟು. ಅದನ್ನು ಸ್ಟಿಲ್ಟ್ ಎನ್ನುತ್ತೇವೆ. ಕಂಬಗಳು ಅವೇ, ನೆರಳು ಅದೇ, ಲಿಫ್ಟಿನ ದಾರಿಯೂ ಅದೇ. ಅವರು ಆ ನೆರಳನ್ನು ಮನುಷ್ಯರಿಗೆ ಕೊಟ್ಟರು, ನಾವು ಕಾರುಗಳಿಗೆ ಕೊಟ್ಟೆವು. ಸಿಂಗಪುರವು ವಾಹನಗಳಿಗೆ ಬೇರೆಯೇ ನಿಲ್ದಾಣಗಳನ್ನು ಕಟ್ಟಿತು. 1990ರಿಂದ ಕಾರು ಕೊಳ್ಳಲು ಪ್ರತ್ಯೇಕ ಹಕ್ಕುಪತ್ರವನ್ನು ಹರಾಜಿನಲ್ಲಿ ಪಡೆಯುವ ನಿಯಮವನ್ನೂ ತಂದಿತು. ನಮ್ಮಿಂದ ಅಷ್ಟು ಆಗಲಾರದು. ಆದರೆ ಪ್ರತಿ ಕಟ್ಟಡದ ಕೆಳಗೆ ಮೂರು ಕಾರುಗಳ ಎಡೆಯನ್ನು ತೆರವು ಮಾಡಿ ನಾಲ್ಕು ಬೆಂಚು ಹಾಕುವುದು ಆಗದ ಕೆಲಸವೇ?

ಇಲ್ಲಿ ಕಾನೂನಿನ ಮಾತೊಂದನ್ನು ಹೇಳಬೇಕು. ಮನೆ ಕೊಂಡವರು ತಮ್ಮ ಬಾಗಿಲಿನ ಒಳಗಿರುವುದಷ್ಟೇ ತಮ್ಮದೆಂದು ತಿಳಿಯುತ್ತಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಸಾಮಾನ್ಯ ಸ್ಥಳಗಳಲ್ಲಿ ಪ್ರತಿಯೊಬ್ಬ ಮನೆಯೊಡೆಯರಿಗೂ ಅವಿಭಕ್ತವಾದ ಪಾಲಿದೆ. 2016ರ ಕೇಂದ್ರ ಸ್ಥಿರಾಸ್ತಿ ಕಾಯಿದೆಯು ಉದ್ಯಾನ, ಆಟದ ತಾಣ, ತಾರಸಿ, ತೆರೆದ ವಾಹನ ನಿಲುಗಡೆ ಇವುಗಳನ್ನು ಸಾಮಾನ್ಯ ಸ್ಥಳಗಳೆಂದೇ ಎಣಿಸಿದೆ. ಕಟ್ಟುವವರ ನಕ್ಷೆಯಲ್ಲಿ ತೋರಿಸಿದ ಆಟದ ಬಯಲು ಕಟ್ಟಿದ ಮೇಲೆ ಮಾಯವಾಗಿದ್ದರೆ ಕೇಳುವ ಹಕ್ಕು ನಿಮಗಿದೆ. ಮನೆ ಕೊಳ್ಳುವಾಗ ಅಡುಗೆಮನೆಯ ಕಲ್ಲನ್ನು ಮುಟ್ಟಿ ನೋಡುವ ನಾವು, ಕೆಳಗಿನ ನೆಲದ ನಕ್ಷೆಯನ್ನೂ ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಮಾಡಬಹುದಾದ ಕೆಲಸಗಳ ವಿಚಾರ. ಮೊದಲನೆಯದು ಸೂರ್ಯನ ಮತ್ತು ಗಾಳಿಯ ಲೆಕ್ಕ. ಎತ್ತರದ ಕಟ್ಟಡವು ಸಂಜೆಯ ಹೊತ್ತು ತನ್ನ ಪೂರ್ವದ ಮಗ್ಗುಲಿಗೆ ಉದ್ದನೆಯ ನೆರಳು ಚೆಲ್ಲುತ್ತದೆ. ವೃದ್ಧರೂ ಮಕ್ಕಳೂ ಕೆಳಗಿಳಿಯುವುದು ಆ ಹೊತ್ತಿನಲ್ಲಿಯೇ. ಆದುದರಿಂದ ಸಂಜೆಯ ಕಟ್ಟೆಯು ಕಟ್ಟಡದ ಪೂರ್ವಕ್ಕಿರುವುದು ಲೇಸು. ಎತ್ತರದ ಗೋಡೆಗೆ ಬಡಿದ ಗಾಳಿಯು ಕೆಳಮುಖವಾಗಿ ಇಳಿದು, ಕಟ್ಟಡದ ಮೂಲೆಗಳಲ್ಲಿಯೂ ಎರಡು ಕಟ್ಟಡಗಳ ನಡುವಿನ ಸಂದಿನಲ್ಲಿಯೂ ರಭಸದಿಂದ ನುಗ್ಗುತ್ತದೆ. ಮುಂಗಾರಿನ ದಿನಗಳಲ್ಲಿ ನಮ್ಮ ನಾಡಿನ ಗಾಳಿಯು ಪಶ್ಚಿಮ ನೈಋತ್ಯಗಳಿಂದ ಬೀಸುವುದರಿಂದ, ಪೂರ್ವದ ಮಗ್ಗುಲಿನಲ್ಲಿ, ಮೂಲೆಗಳಿಂದ ದೂರವಾಗಿ ಇಟ್ಟ ಆಸನಕ್ಕೆ ಗಾಳಿಯ ಹೊಡೆತವೂ ಕಡಿಮೆ. ಬಾಗಿಲ ಮೇಲಿನ ಚಾಚುಗಳು, ಮರಗಳ ಸಾಲು ಇವು ಇಳಿಯುವ ಗಾಳಿಯನ್ನು ಒಡೆಯುತ್ತವೆ.

ಎರಡನೆಯದು ಮರ. ಹುಲ್ಲುಹಾಸು ನೋಟಕ್ಕೆ ಚೆನ್ನ, ಆದರೆ ನೀರು ಕುಡಿಯುತ್ತದೆ, ನೆರಳು ಕೊಡುವುದಿಲ್ಲ. ಹೊಂಗೆ, ಬೇವು, ನೇರಳೆ, ಸಂಪಿಗೆಗಳು ನಮ್ಮ ಮಣ್ಣಿಗೆ ಒಗ್ಗಿದ ಮರಗಳು. ಹೊಂಗೆಯ ನೆರಳಿನ ತಂಪನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಕಾರುಗಳಿಗಾಗಿ ನೆಲವನ್ನೆಲ್ಲ ತೋಡಿ ತಳಮನೆ ಮಾಡಿದ ಸಮುಚ್ಚಯಗಳಲ್ಲಿ ಅಂಗಳವೆಂಬುದು ಒಂದು ತಾರಸಿ ಮಾತ್ರ. ದೊಡ್ಡ ಮರಕ್ಕೆ ಒಂದು ಮೀಟರಿಗೂ ಹೆಚ್ಚು ಆಳದ ಮಣ್ಣು ಬೇಕು. ನೆನೆದ ಮಣ್ಣು ಘನಮೀಟರಿಗೆ ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಆ ಭಾರವನ್ನು ತಾರಸಿಯು ಹೊರುವುದೇ ಎಂದು ಎಂಜಿನಿಯರರನ್ನು ಕೇಳದೆ ಮರ ನೆಡಬಾರದು. ಇಂತಹ ಕಡೆ ಕಂಬಗಳ ನೆತ್ತಿಗೆ ಸರಿಯಾಗಿ ತೊಟ್ಟಿಗಳನ್ನು ಕಟ್ಟಿ ಚಿಕ್ಕ ಮರಗಳನ್ನು ಬೆಳೆಸಬಹುದು, ಚಪ್ಪರ ಹಾಕಿ ಮಲ್ಲಿಗೆ, ಅವರೆ, ಹೀರೆಯ ಬಳ್ಳಿ ಹಬ್ಬಿಸಬಹುದು. ಕಾಂಪೌಂಡಿನ ಅಂಚಿನಲ್ಲಿ ನಿಜವಾದ ನೆಲ ಉಳಿದಿದ್ದರೆ ಅದನ್ನು ಕಾಂಕ್ರೀಟಿನಿಂದ ಮುಚ್ಚದೆ ಬಿಡಬೇಕು. ಮರಕ್ಕೂ ಅಂತರ್ಜಲಕ್ಕೂ ಅದೇ ಬಾಯಿ.

ಮೂರನೆಯದು ಆಸನ. ನ್ಯೂಯಾರ್ಕಿನ ಬಯಲುಗಳನ್ನು ವರ್ಷಗಟ್ಟಲೆ ನೋಡಿ ಅಧ್ಯಯನ ಮಾಡಿದ ವಿಲಿಯಂ ವೈಟ್ ಎಂಬ ವಿದ್ವಾಂಸರು 1980ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡುಕೊಂಡ ದೊಡ್ಡ ಸತ್ಯವು ಬಹಳ ಸರಳ: ಕೂರಲು ಎಡೆಯಿದ್ದಲ್ಲಿ ಜನರು ಕೂರುತ್ತಾರೆ. ವೃದ್ಧರಿಗೆ ಬೆನ್ನಿಗೆ ಒರಗು, ಏಳುವಾಗ ಊರಲು ಕೈಪಿಡಿ, ಸುಮಾರು 45 ಸೆಂಟಿಮೀಟರ್ ಎತ್ತರ ಇರಬೇಕು. ತೀರ ತಗ್ಗಾದ ಅಲಂಕಾರದ ಕಲ್ಲಿನ ಮೇಲೆ ಕುಳಿತ ಮಂಡಿನೋವಿನ ತಾಯಿಯು ಏಳಲಾರಳು. ಬೆಂಚುಗಳು ಸಾಲಾಗಿ ಗೋಡೆಗೆ ಮುಖಮಾಡಿ ಇರಬಾರದು. ಎದುರುಬದುರಾಗಿ, ಜನರು ಹಾದುಹೋಗುವ ದಾರಿಯ ಕಡೆಗೆ ನೋಡುವಂತೆ ಇರಬೇಕು. ಲಿಫ್ಟಿನ ಬಾಗಿಲಿನಿಂದ ಅಲ್ಲಿಯವರೆಗೆ ಮೆಟ್ಟಿಲಿಲ್ಲದ ದಾರಿಯಿರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಠಿನವಾದುದು. ಅದು ಮನಸ್ಸಿನ ವಿಷಯ. ಮಕ್ಕಳ ಗದ್ದಲ ಸಹಿಸದೆ ಆಟವನ್ನು ನಿಷೇಧಿಸುವ ಸಂಘಗಳುಂಟು. ಮನೆಗೆಲಸದ ಹೆಣ್ಣುಮಕ್ಕಳು ಉದ್ಯಾನದ ಬೆಂಚಿನ ಮೇಲೆ ಕೂರಬಾರದೆಂದು ನಿಯಮ ಮಾಡುವವರೂ ಉಂಟು. ಬೆಳಗಿನಿಂದ ಮೂರು ಮನೆಗಳ ಪಾತ್ರೆ ತಿಕ್ಕಿ, ನಾಲ್ಕನೆಯ ಮನೆಗೆ ಹೋಗುವ ಮುನ್ನ ಹತ್ತು ನಿಮಿಷ ಕುಳಿತು ಬುತ್ತಿ ಬಿಚ್ಚುವ ತಾಯಿಗೆ ಮೆಟ್ಟಿಲಿನ ಕೆಳಗಿನ ಕತ್ತಲೆಯೇ ಗತಿಯಾಗುವುದಾದರೆ ಆ ಅಂಗಳದ ಹೂವುಗಳಿಗೆ ಯಾವ ಶೋಭೆ? ನೆಲವನ್ನು ಗುಡಿಸುವವರಿಗೆ ಆ ನೆಲದ ಮೇಲೆ ಕೂರುವ ಹಕ್ಕಿಲ್ಲವೆಂಬುದು ಯಾವ ನ್ಯಾಯಕ್ಕೂ ಒಪ್ಪದ ಮಾತು. ಶಬ್ದದ ತೊಂದರೆಗೆ ಹೊತ್ತು ಗೊತ್ತುಮಾಡಬಹುದು. ಪರೀಕ್ಷೆಯ ದಿನಗಳಲ್ಲಿ, ರೋಗಿಗಳಿರುವ ಮನೆಯ ಬಳಿ ಎಚ್ಚರ ವಹಿಸಬಹುದು. ಆದರೆ ನಿಷೇಧದ ಫಲಕವು ನೆರೆಹೊರೆಯ ಮಾತುಕತೆಗೆ ಬದಲಿಯಾಗಲಾರದು.

ಇವೆಲ್ಲವನ್ನೂ ಒಮ್ಮೆಗೇ ಮಾಡಬೇಕೆಂದಿಲ್ಲ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಮೂರು ಮಾತುಗಳನ್ನು ಇಡಿ. ಒಂದು ವಾರ ಸಂಜೆಯ ಹೊತ್ತು ಕೆಳಗೆ ಯಾರು ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ಬರೆದಿಡಿ. ವೃದ್ಧರನ್ನೂ ಮಕ್ಕಳನ್ನೂ ಕಾವಲುಗಾರರನ್ನೂ ಕೇಳಿರಿ. ಅವರಿಗೆ ತಿಳಿದಷ್ಟು ನಕ್ಷೆ ಬರೆಯುವವರಿಗೆ ತಿಳಿದಿರುವುದಿಲ್ಲ. ಆಮೇಲೆ ಸ್ಥಿರವಾದ ಕಟ್ಟೆ ಕಟ್ಟುವ ಮುನ್ನ ಒಂದು ತಿಂಗಳು ಮಡಚುವ ಕುರ್ಚಿಗಳನ್ನು ಬೇರೆ ಬೇರೆ ಎಡೆಗಳಲ್ಲಿ ಇಟ್ಟು ನೋಡಿರಿ. ಜನರು ಕುರ್ಚಿಯನ್ನು ಎಳೆದುಕೊಂಡು ಹೋಗಿ ಕೂರುವ ತಾಣವೇ ಕಟ್ಟೆಗೆ ಯೋಗ್ಯವಾದ ತಾಣ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ.

ಮೊದಲು ಹೇಳಿದ ತಾಯಿಯ ಮಾತಿಗೆ ಮರಳೋಣ. ಕುರ್ಚಿಯ ಮೇಲೆ ಕುಳಿತ ಅವರು ಕಾವಲುಗಾರನ ಊರು ಯಾವುದೆಂದು ಕೇಳಿದರು, ಅವನ ಮಕ್ಕಳ ಓದಿನ ವಿಚಾರ ಕೇಳಿದರು. ಅಷ್ಟರಲ್ಲಿ ಶಾಲೆಯ ಬಸ್ಸಿನಿಂದಿಳಿದ ಎರಡು ಮಕ್ಕಳು ಅವರ ಬಳಿ ಬಂದು ನಿಂತವು. ಅರ್ಧ ಗಂಟೆಯ ಹೊತ್ತಿಗೆ ಗೇಟಿನ ಬದಿಯ ಆ ಮೂಲೆಯು ಒಂದು ಜಗಲಿಯಾಗಿತ್ತು. ನಗರಕ್ಕೆ ಬಂದರೂ ನಮ್ಮ ಹಿರಿಯರು ಜಗಲಿಯನ್ನು ತಮ್ಮೊಡನೆ ಹೊತ್ತು ತಂದಿದ್ದಾರೆ. ಅದನ್ನು ಇಳಿಸಲು ನೆರಳಿನಲ್ಲಿ ನಾಲ್ಕು ಅಡಿ ನೆಲವನ್ನು ಕೊಡುವುದು ನಮ್ಮ ಕೈಯಲ್ಲಿದೆ. ಓದುಗ ಬಂಧುಗಳು ತಮ್ಮ ತಮ್ಮ ನಿವಾಸಗಳಲ್ಲಿ ಈ ವಿಚಾರವನ್ನು ಕೈಗೆತ್ತಿಕೊಂಡು, ಆದುದನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ ಇತರರಿಗೂ ದಾರಿಯಾದೀತು.